ಸೀಟು ಬಿಟ್ಟುಕೊಡುತ್ತಿದ್ದ ಗೌರಕ್ಕ

ಗೌರಕ್ಕ ಬಸ್ಸಿನಲ್ಲಿ ಕೂತದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಬಸ್ಸು ಖಾಲಿ ಇದ್ದರೂ ಕಂಬಿ ಹಿಡಿದು ನಿಂತಿರುವಳು. ಯಾರಾದರೂ ಸೀಟು ತೋರಿಸಿದರೆ, "ನೀವು ಕುಂದರ್ರಿ, ನನಗ ನಿಂತರ ಹಿತ" ಎನ್ನುವಳು. ಪುಣ್ಯವಂತೆ ಎಂದು ಮಂದಿ ಹೊಗಳಿದರು. ಪುಣ್ಯ ಎಲ್ಲಿಯದು, ಮಣ್ಣು! ಕೂತರೆ ಅವಳಿಗೆ ಯೋನಿಯ ಬಾಯಿ ಬೆಂಕಿ ಬಿದ್ದಂತೆ ಉರಿಯುತ್ತಿತ್ತು.

ನಾನೂ ಅವಳೂ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು. ಹಾಗಾಗಿ ಉರಿ ಎಂದ ಕೂಡಲೇ ಎಲ್ಲರದೂ ಒಂದೇ ಮಾತು: "ಖಾರದ ಕೈ ಹತ್ತೇತಿ." ಪಾಪ, ಅವಳೂ ನಂಬಿದಳು. ಮಜ್ಜಿಗೆಯಲ್ಲಿ ಕೈ ತೊಳೆದಳು, ಕೊಬ್ಬರಿ ಎಣ್ಣೆ ತಿಕ್ಕಿದಳು, ಕಡೆಗೆ ಆ ಕೆಲಸವನ್ನೇ ಬಿಟ್ಟು ಖಾನಾವಳಿಯಲ್ಲಿ ನಿಂತು ರೊಟ್ಟಿ ಬಡಿದಳು. ಉರಿ ಮಾತ್ರ ಹೋಗಲಿಲ್ಲ. ಗಂಡ ಹತ್ತಿರ ಬಂದರೆ ಚೀರುವಳು. "ಇಕಿದು ಬರೇ ನಾಟಕ" ಎಂದು ಅವನು ತನ್ನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಒಯ್ದ.

ರಾಣೆಬೆನ್ನೂರಿನ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಹತ್ತಿ ಸುತ್ತಿದ ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಮುಟ್ಟಿದರು. ಒಂದು ಕಡೆ ಮುಟ್ಟಿದಾಗ ಗೌರಕ್ಕ ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಳು.

"ಇದು ಖಾರದ್ದಲ್ಲ, ಯವ್ವಾ. ಆ ಚರ್ಮದಾಗಿನ ನರದ ನೋವು" ಎಂದರು ಡಾಕ್ಟರಮ್ಮ.

"ಅಂದ್ರ ನನಗ ಖರೇನ ನೋವು ಐತೇನ್ರಿ?" ಎಂದಳು ಗೌರಕ್ಕ.

ಮುಲಾಮು, ಗುಳಿಗೆ, ವ್ಯಾಯಾಮ ಎಲ್ಲ ಆದವು. ಯಾವುದಕ್ಕೂ ಬಗ್ಗದಿದ್ದಾಗ ಹುಬ್ಬಳ್ಳಿಯಲ್ಲಿ ಆಪರೇಷನ್ ಎಂದಾಯಿತು. ನೋಯುವ ಅಷ್ಟು ಚರ್ಮ ತೆಗೆದು, ಒಳಗಿನ ಪದರವನ್ನು ಎಳೆದು ಹೊಲಿಯುವುದು. ಎಲ್ಲರಿಗೂ ಗುಣ ಆಗುತ್ತದೆಂಬ ಭರವಸೆ ಇಲ್ಲ ಎಂದೂ ಹೇಳಿದರು. "ಕೊಯ್ರಿ. ಈಗರ ಏನ್ ಬಾಳೇ ಮಾಡಾಕತ್ತೇನಿ?" ಎಂದಳು. ಗಂಡ ಬರಲಿಲ್ಲ. ಅಂಥಾ ಜಾಗ ಕೊಯ್ಯಿಸಿದರೆ ಮಂದಿ ಏನಂದಾರು ಎಂಬ ಚಿಂತೆ ಅವನಿಗೆ.

ಗಾಯ ಮಾಯಲು ವಾರಗಟ್ಟಲೆ ಬೇಕಾಯಿತು. ಒಂದು ದಿನ ನಮ್ಮ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡಳು.

"ಉರಿ ಹೋತವಾ."

"ಖುಷಿ ಆಗಲಿಲ್ಲೇನಕ್ಕಾ?" ಎಂದೆ.

"ಏನೂ ಅನಸವಲ್ದು. ಅಳಬೇಕಂದ್ರೂ ಬರವಲ್ದು. ಆರಾಮ ಆತಲ್ಲಾ ಅಂತ ಅವ ನಿನ್ನಿ ಹಾಸಿಗಿ ಒಳಗ ತಂದ. ನನ್ನ ಒಂದು ಮಾತ ಕೇಳಲಿಲ್ಲ" ಎಂದು ತಾಟು ತೊಳೆದಿಟ್ಟಳು.

ಮರುದಿನವೇ ತವರು ಕುಪ್ಪೇಲೂರಿಗೆ ಹೊರಟಳು. ರಾಣೆಬೆನ್ನೂರಿನವರೆಗೆ ಕಳಿಸಿಬರಲು ಹೋಗಿದ್ದೆ. ಅಲ್ಲಿ ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ, ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮ ಓಣಿಯ ಹಿರಿಯರೊಬ್ಬರು ಹತ್ತಿ, ರೂಢಿಯಂತೆ, "ಗೌರಾ, ಸೀಟ್ ಬಿಡವಾ" ಎಂದರು.

"ಇಲ್ಲರಿ ಕಾಕಾ, ನಾ ಕುಂತೇನಿ."

ಅವರು ಕಂಬಿ ಹಿಡಿದು ನಿಂತರು. ನಾನು ಕೆಳಗಿನಿಂದ ಕೈ ಬೀಸಿದೆ. ಗೌರಕ್ಕ ಬೀಸಲಿಲ್ಲ. ಬಸ್ಸು ತಿರುವು ದಾಟುವವರೆಗೂ ಕೂತೇ ಇದ್ದಳು. ಆಮೇಲೆ ಅವಳು ಈ ಕಡೆ ಬರಲೇ ಇಲ್ಲ.