ಬಾನೆಟ್ ತಟ್ಟುವ ಹಸಬಲ್ಲಾ

ಬೆಳಗಿನ ಬಾಂಗು ಮುಗಿದಿದೆ. ಅಮ್ಮಾನ್ ನಗರದ ಜಬಲ್ ವೈಬ್ದೆ ಗುಡ್ಡದ ಇಳಿಜಾರು ಬೀದಿಗೆ ಇನ್ನೂ ಸರಿಯಾಗಿ ಬೆಳಕು ಇಳಿದಿಲ್ಲ. ತಲೆಗೆ ಉಣ್ಣೆಯ ಶಾಲು ಸುತ್ತಿಕೊಂಡ ಹಸಬಲ್ಲಾ, ಸಾಲಾಗಿ ನಿಂತ ಕಾರುಗಳ ಬಾನೆಟ್ ಮೇಲೆ ಅಂಗೈಯಿಂದ ತಟ್ಟುತ್ತಾ ಬರುತ್ತಾರೆ. ತಟ್ಟಿ, ಬಾಗಿ, ತಣ್ಣನೆಯ ತಗಡಿಗೆ ಕಿವಿ ಹಚ್ಚುತ್ತಾರೆ. "ಏಳಮ್ಮಾ, ಏಳು. ಯಜಮಾನ್ರು ಹೊರಡೋ ಹೊತ್ತಾಯ್ತು."

ಹಳದಿ ಟ್ಯಾಕ್ಸಿಯೊಳಗೆ ಏನೋ ಕೆರೆದ ಸದ್ದು. ಮುಂದಿನ ಚಕ್ರದ ಸಂದಿಯಿಂದ ಬೂದು ಬೆಕ್ಕೊಂದು ಜಾರಿ ಇಳಿದು, ಮೈಮುರಿದು, ಕೊರಳಿನ ಕೆಂಪು ಪಟ್ಟಿಯ ಗೆಜ್ಜೆ ಅಲ್ಲಾಡಿಸುತ್ತಾ ಗೋಡೆ ಹತ್ತುತ್ತದೆ. ಯಾರದೋ ಮನೆಯ ಮುದ್ದಿನ ಬೆಕ್ಕು. ಆ ಟ್ಯಾಕ್ಸಿ ಓಡಿಸುವ ರಜಾಈ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತು ನಗುತ್ತಾನೆ.

"ಏನಯ್ಯಾ ಸಯೀದಿ, ನನ್ನ ಗಾಡಿಗೆ ನಾಡಿ ನೋಡ್ತಿದ್ದೀಯಾ?"

"ಗಾಡಿ ಗಟ್ಟಿಯಾಗಿದೆ. ನಿನ್ನ ನಾಡಿನೇ ಅನುಮಾನ."

ಹಸಬಲ್ಲಾ ಈಜಿಪ್ಟಿನ ಗಿರ್ಗಾ ಕಡೆಯವರು; ದಕ್ಷಿಣದ ಆ ಸೀಮೆಯವರನ್ನು ಸಯೀದಿ ಎಂದೇ ಕರೆಯುವುದು. ಈ ಕಟ್ಟಡದ ಕಾವಲುಗಾರರಾಗಿ ಕೂದಲು ನೆರೆಯುವಷ್ಟು ಕಾಲವಾಯಿತು. ಮೆಟ್ಟಿಲ ಕೆಳಗಿನ ಕೋಣೆಯೇ ಮನೆ. ಕಸ ಇಳಿಸುವುದು, ಮೆಟ್ಟಿಲು ತೊಳೆಯುವುದು, ನಲ್ಲಿಯಲ್ಲಿ ನೀರು ಬಂದ ದಿನ ಛಾವಣಿಯ ಟ್ಯಾಂಕಿಗೆ ಏರಿಸುವುದು, ಮಹಡಿಯವರಿಗೆ ಬಿಸಿ ರೊಟ್ಟಿ ತಂದುಕೊಡುವುದು ಅವರ ಕೆಲಸ. ಬಾನೆಟ್ ತಟ್ಟುವ ಕೆಲಸವನ್ನು ಮಾತ್ರ ಯಾರೂ ಒಪ್ಪಿಸಿಲ್ಲ. ಅದು ಫುಲ್ಲಾ ಹೋದ ಮೇಲೆ ತಾನಾಗಿ ಅಂಟಿಕೊಂಡದ್ದು.

ಫುಲ್ಲಾ ಅಂದರೆ ಮಲ್ಲಿಗೆ. ಎರಡನೇ ಮಹಡಿಯ ಉಮ್ಮ್ ಗಸ್ಸಾನ್, ಅಂದರೆ ಗಸ್ಸಾನನ ಅಮ್ಮ, ಸಾಕಿದ ಬಿಳಿ ಬೆಕ್ಕು. ಒಂದು ಕಾಲಕ್ಕೆ ಊರಿನ ಮದುವಣಗಿತ್ತಿಯರಿಗೆಲ್ಲ ನಿಲುವಂಗಿ ಹೊಲಿದುಕೊಟ್ಟಾಕೆ ಅವರು. ಹೊಲಿಗೆ ಯಂತ್ರದ ಬದಿಯಲ್ಲೇ ಬೆಳೆದ ಫುಲ್ಲಾ, ಕತ್ತಲಾದರೆ ಅಡುಗೆಮನೆಯ ಕಿಟಕಿಯಿಂದ ಅಂಜೂರದ ಮರಕ್ಕೆ ಹಾರಿ ಬೀದಿ ಸೇರುತ್ತಿತ್ತು. ಕಿವಿ ಹರಿದುಕೊಂಡು ಬಂದದ್ದುಂಟು, ಹುಡುಗರ ಕಲ್ಲೇಟು ತಿಂದು ಬಂದದ್ದುಂಟು. ಹಸಬಲ್ಲಾ ಹೇಳಿ ನೋಡಿದರು: "ಅಮ್ಮಾ, ರಾತ್ರಿ ಕಿಟಕಿ ಹಾಕ್ಕೊಳ್ಳಿ. ಬೀದಿ ಬೆಕ್ಕಿಗೆ ಬೀದಿ ಗೊತ್ತು. ಮನೆ ಬೆಕ್ಕಿಗೆ ಕಂಡೋರೆಲ್ಲ ನೆಂಟರೇ."

"ಬೆಕ್ಕು ಅಂದ್ಮೇಲೆ ತಿರುಗಬೇಕಪ್ಪಾ. ಕೂಡಿಹಾಕೋಕೆ ಅದೇನು ಕಳ್ಳತನ ಮಾಡಿದ್ಯಾ?" ಅಂದರು ಉಮ್ಮ್ ಗಸ್ಸಾನ್.

ಹಿಮ ಬಿದ್ದ ಒಂದು ಮುಂಜಾನೆ ರಜಾಈ ಅವಸರದಲ್ಲಿ ಗಾಡಿ ತೆಗೆದ. ಬಿಸಿ ಆರದ ಎಂಜಿನ್ನಿನ ಮೇಲೆ ಫುಲ್ಲಾ ಮಲಗಿದ್ದು ಅವನಿಗೇನು ಗೊತ್ತು? ಊರಿನ ಇನ್ನೊಂದು ತುದಿಯ ಸುವೈಲಿಹ್ ವೃತ್ತದಲ್ಲಿ ಬ್ರೇಕ್ ಹಾಕಿದಾಗ, ಕಾರಿನಡಿಯಿಂದ ಬೆಳ್ಳಗಿನದೊಂದು ಕುಂಟುತ್ತಾ ಓಡಿ ವಾಹನಗಳ ನಡುವೆ ಮರೆಯಾಯಿತು. ಬಾನೆಟ್ ಎತ್ತಿದರೆ ಬೆಲ್ಟಿಗೆ ಬಿಳಿ ಕೂದಲು, ರಕ್ತ. ಅವನು ಹಿಂದಿರುಗಿ ಬಂದು ಮೆಟ್ಟಿಲ ಮೇಲೆ ಕುಸಿದು ಕೂತದ್ದನ್ನು ಹಸಬಲ್ಲಾ ಇಂದಿಗೂ ನೆನೆಯುತ್ತಾರೆ. "ಅಷ್ಟು ದೊಡ್ಡ ಗಂಡಸು, ಮಗು ಥರ ಅತ್ತ."

ಆಮೇಲಿನ ಪ್ರತಿ ಶುಕ್ರವಾರ ನಮಾಜು ಮುಗಿಸಿ, ಮೀನಿನ ಡಬ್ಬಿ ಹಿಡಿದು ಹಸಬಲ್ಲಾ ಸುವೈಲಿಹ್ ಬಸ್ಸು ಹತ್ತಿದರು. ಗಲ್ಲಿಗಲ್ಲಿಯಲ್ಲಿ "ಫುಲ್ಲಾ, ಫುಲ್ಲಾ" ಎಂದು ಕೂಗಿದರು. ಯಾರೋ ಹೆಂಗಸನ್ನು ಹೆಸರು ಹಿಡಿದು ಕೂಗುತ್ತಿದ್ದಾನೆಂದು ಒಬ್ಬಾತ ಜಗಳಕ್ಕೂ ಬಂದ. ಕಡೆಗೆ ರೊಟ್ಟಿ ಸುಡುವವನೊಬ್ಬ ಹೇಳಿದ: "ಬಿಳಿ ಬೆಕ್ಕಾ? ಇತ್ತಲ್ಲ. ಮುಂಗಾಲು ಊರ್ತಿರ್ಲಿಲ್ಲ. ನಮ್ಮ ಒಲೆ ಹಿಂದೆ ಮಲಗ್ತಿತ್ತು. ಹೋದ ವಾರ ಬಂದಿದ್ರೆ ಸಿಗ್ತಿತ್ತು ನೋಡು." ಆ ಬೀದಿಯಲ್ಲಿ ಇಲಿಗಳಿಗೆಂದು ವಿಷ ಇಟ್ಟಿದ್ದರು ಎಂಬುದನ್ನೂ ಆತ ಸೇರಿಸಿದ.

ಉಮ್ಮ್ ಗಸ್ಸಾನರಿಗೆ ಹಸಬಲ್ಲಾ ಅರ್ಧವನ್ನಷ್ಟೇ ಮುಟ್ಟಿಸಿದರು. "ಒಲೆ ಹತ್ರ ಬೆಚ್ಚಗೆ ಇತ್ತಂತಮ್ಮಾ."

ಚಳಿ ಮುಗಿದು ಬಾದಾಮಿ ಹೂಬಿಡುವವರೆಗೂ ಅಡುಗೆಮನೆಯ ಆ ಕಿಟಕಿ ತೆರೆದೇ ಇತ್ತು. "ಅತ್ತೇ, ಹೀಟರ್ ಶಾಖವೆಲ್ಲ ಬೀದಿ ಪಾಲಾಗ್ತಿದೆ" ಎಂದು ಸೊಸೆ ಗೊಣಗುತ್ತಿದ್ದಳು. ಮುಚ್ಚಲು ಮಾತ್ರ ಅವಳಿಗೂ ಕೈ ಬರಲಿಲ್ಲ. ಬಾಗಿಲು ಕಿರುಗುಟ್ಟಿದರೂ ಉಮ್ಮ್ ಗಸ್ಸಾನರ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಒಂದು ಸಂಜೆ ಹಸಬಲ್ಲಾರನ್ನು ಮೇಲಕ್ಕೆ ಕರೆದರು. "ನನ್ನ ಕೈಯಲ್ಲಿ ಆಗ್ತಿಲ್ಲ ಮಗಾ. ನೀನೇ ಹಾಕ್ಬಿಡು." ಹಸಬಲ್ಲಾ ಕಿಟಕಿ ಹಾಕಿದರು. ಆಕೆ ಗೋಡೆಯ ಕಡೆ ತಿರುಗಿ ಕೂತಿದ್ದರು.

ಮರುವರ್ಷದ ಚಳಿಯಲ್ಲಿ ಬಾನೆಟ್ಟಿನಡಿ ಕಣ್ಣು ಪಿಸುರುಗಟ್ಟಿದ ಮರಿಯೊಂದು ಸಿಕ್ಕಿತು. ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಎರಡನೇ ಮಹಡಿಗೆ ಹೋದರೆ, "ಬೇಡಪ್ಪಾ, ಇನ್ನೊಂದ್ಸಲ ಕಾಯೋ ಶಕ್ತಿ ನನಗಿಲ್ಲ" ಎಂದು ಉಮ್ಮ್ ಗಸ್ಸಾನ್ ಬಾಗಿಲು ಹಾಕಿಕೊಂಡರು. ಮರಿ ಮೆಟ್ಟಿಲ ಕೋಣೆಯಲ್ಲೇ ಬೆಳೆಯಿತು. ಒಂದು ದಿನ ಉಮ್ಮ್ ಗಸ್ಸಾನರೇ ಇಳಿದುಬಂದು, ಅದನ್ನೆತ್ತಿ ಮಡಿಲಿಗೆ ಹಾಕಿಕೊಂಡು ಹೋದರು. ಅದೇ ವಾರ ಮಗ ಗಸ್ಸಾನ್ ಕಿಟಕಿಗೆ ಬಲೆ ಹೊಡೆದ.

ಈಗ ಅದು ಆ ಬಲೆಯ ಹಿಂದೆ ಕೂತು ಅಂಜೂರದ ಮರದ ಗುಬ್ಬಿಗಳನ್ನು ನೋಡುತ್ತಾ ಹಲ್ಲು ಕಟಕಟಿಸುತ್ತದೆ. "ಅದಕ್ಕೂ ಆಸೆ ಇರುತ್ತಲ್ವಾ" ಎನ್ನುತ್ತಾರೆ ಉಮ್ಮ್ ಗಸ್ಸಾನ್. "ನೋಡಿದ್ರೆ ಕರುಳು ಚುರ್ ಅನ್ನುತ್ತೆ. ಆದ್ರೂ ಇರ್ಲಿ. ಬಯಸ್ಕೊಂಡಾದ್ರೂ ಬದುಕಿರ್ಲಿ."

ಬಯಸಿಕೊಂಡು ಬದುಕುವುದು ಹಸಬಲ್ಲಾರಿಗೂ ಹೊಸತಲ್ಲ. ಗಿರ್ಗಾದಲ್ಲಿ ಮಗಳು ಬಸೀಮಾ ಬೆಕ್ಕು ಸಾಕಿದ್ದಾಳೆ. ಫೋನಿನಲ್ಲಿ ಅದರ ದನಿಯನ್ನಷ್ಟೇ ಅವರು ಬಲ್ಲರು. "ಕಬ್ಬಿನ ಗದ್ದೆಗೆ ಬಿಡಬೇಡ ಕಣೇ, ಅಲ್ಲಿ ಇಲಿ ಪಾಷಾಣ ಇಟ್ಟಿರ್ತಾರೆ" ಎಂದು ಗದರುತ್ತಾರೆ. "ಆಯ್ತು ಅಪ್ಪಾ, ಆಯ್ತು, ನೀನು ಊಟ ಮಾಡಿದ್ಯಾ?" ಎಂದು ಅವಳು ಮಾತು ತಿರುಗಿಸುತ್ತಾಳೆ. ಕಳೆದ ಸಲ ರಜೆಗೆ ಹೋದಾಗ ಅವಳು ಚಿಕ್ಕವಳು. ಅಂಗಳದಲ್ಲಿ ನಿಂತ ಈ ಗಂಡಸನ್ನು ಕಂಡು ತಾಯಿಯ ಬೆನ್ನ ಹಿಂದೆ ಸರಿದು, ಎರಡು ದಿನ ಹತ್ತಿರ ಸುಳಿಯಲಿಲ್ಲವಂತೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ, ಪೊರಕೆಗೆ ಗಲ್ಲ ಊರುತ್ತಾರೆ.

"ಈ ಈದ್‌ಗೆ ರಜ ಕೊಡ್ತೀವಿ ಅಂದಿದ್ದಾರೆ. ನಾನು ಅಂಗಳಕ್ಕೆ ಕಾಲಿಟ್ಟಾಗ ಬೆಕ್ಕು ಬೇಕಾದ್ರೆ ಹೆದರಿಕೊಂಡು ಒಳಗೆ ಅಡಗಿಕೊಳ್ಳಲಿ. ಅದಕ್ಕೆ ನಾನು ಯಾರೋ ಏನೋ. ಮಗಳು ಮಾತ್ರ ಅಡಗಿಕೊಳ್ಳಬಾರದು."