ಗೇಟಿನಲ್ಲಿ ಫ್ರೆಂಚ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ತೂಬಗೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ದೊಡ್ಡಬಳ್ಳಾಪುರದ ಕಾಲೇಜಿಗೆ ಹೋಗಿ ಓದಿದ್ದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ದಾಬಸ್‌ಪೇಟೆಯ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಆ ಡಿಗ್ರಿಯೇ ನನ್ನನ್ನು ಸಿಕ್ಕಿಸಿಹಾಕಿತು.

“ಫ್ರಾನ್ಸಿಂದ ದೊಡ್ಡ ಮೇಡಂ ಬರ್ತಿದ್ದಾರೆ. ಗೇಟಲ್ಲಿ ಅವರ ಭಾಷೇಲೇ ನೀನು ಸ್ವಾಗತ ಮಾಡ್ಬೇಕು,” ಅಂದರು ಮ್ಯಾನೇಜರ್. “ಓದಿದ್ದೀಯಲ್ಲಮ್ಮ, ನಾಲ್ಕು ಮಾತು ಕಲಿಯೋಕಾಗಲ್ವಾ? ನಿನ್ನ ಪರ್ಮನೆಂಟ್ ವಿಷ್ಯ ಆಮೇಲೆ ನೋಡೋಣ.”

ಹೂಂ ಅಂದೆ.

ಮನೆಯಲ್ಲಿ ಮೊಬೈಲಿನ ಪಾಠ ಹಚ್ಚಿಕೊಂಡು ಕೂತೆ. ಬರೆದ ಅಕ್ಷರವನ್ನೆಲ್ಲ ಬಾಯಿಬಿಟ್ಟು ಓದಿಯೇ ಮೇಲೆ ಬಂದವಳು ನಾನು. ಇಲ್ಲಿ ನೋಡಿದರೆ ಕೊನೆಯ ಅಕ್ಷರ ನುಂಗಬೇಕು, ಅರ್ಧ ಮಾತು ಮೂಗಿನಲ್ಲಿ ಹೋಗಬೇಕು, ‘ರ’ ಗಂಟಲಿನ ಆಳದಿಂದ ಬರಬೇಕು. ನಮಸ್ಕಾರಕ್ಕೆ “ಬೊಂಝೂರ್”, ಥ್ಯಾಂಕ್ಸಿಗೆ “ಮೆರ್ಸಿ” ಎಂದು ಕೆರೆದೂ ಕೆರೆದೂ ಗಂಟಲು ಉರಿಯಿತು.

“ಕಫ ಕಟ್ಟಿದ್ಯೇನವ್ವ?” ಅಂತ ಅಪ್ಪ ಅಂಗಳದಿಂದಲೇ ಕೇಳಿದರು. ಅವ್ವ ಮೆಣಸಿನ ಕಷಾಯ ತಂದಿಟ್ಟು, “ಯಾರಾದ್ರೂ ಬಂದ್ರೆ ಮೊದ್ಲು ಊಟ ಆಯ್ತಾ ಅನ್ಬೇಕು. ಅದನ್ನ ಕಲಿತ್ಯಾ?” ಅಂದಳು. ಅದನ್ನೂ ಕಲಿತೆ. ‘ಅರ್ಥವಾಗಲಿಲ್ಲ’ ಅನ್ನುವ ಮಾತೂ ಅದೇ ಪಾಠದಲ್ಲಿತ್ತು. ಅದನ್ನು ಮಾತ್ರ ಗಟ್ಟಿಯಾಗಿ ಹೇಳಿ ನೋಡಲಿಲ್ಲ. ಔಷಧದ ಚೀಟಿಯಿಂದ ತಾಲ್ಲೂಕು ಕಚೇರಿಯ ನೋಟಿಸಿನವರೆಗೆ ಊರವರು ನನ್ನ ಮುಂದೆಯೇ ತಂದು ಹಿಡಿಯುತ್ತಿದ್ದರು. ಗೊತ್ತಿಲ್ಲ ಅಂದರೆ, “ಇಷ್ಟು ಓದಿ ಏನ್ ಬಂತು?” ಅನ್ನುತ್ತಿದ್ದರು.

ಕಾರ್ಖಾನೆ ಬಸ್ಸಿನಲ್ಲಿ ಜೊತೆಯವಳು, “ಏನ್ ಮೇಡಂ, ಪ್ಯಾರಿಸ್ ಬಸ್ಸು ದಾಬಸ್‌ಪೇಟೆ ಮೇಲೇ ಹೋಗುತ್ತಾ?” ಅಂತ ಕಿಚಾಯಿಸುತ್ತಿದ್ದಳು. ನಗುವಷ್ಟು ಧೈರ್ಯ ನನಗಿರಲಿಲ್ಲ.

ಮೇಡಂ ಬಂದ ಬೆಳಿಗ್ಗೆ ಕಾರಿನಿಂದ ಇಳಿದವರು ಬೆಳ್ಳಿಗೂದಲಿನ ಹೆಂಗಸು. ಬೊಂಝೂರ್ ಹೋಯಿತು, ಸ್ವಾಗತ ಹೋಯಿತು, ಎಲ್ಲ ಮರೆತುಹೋಯಿತು. ಕೈಮುಗಿದು ನಿಂತವಳ ಬಾಯಿಂದ ಬಂದದ್ದು ಒಂದೇ: “ವೂಜಾವೇ ಮಾಂಝೇ?” ಊಟ ಆಯ್ತಾ?

ಪಕ್ಕದಲ್ಲಿ ಮ್ಯಾನೇಜರ್ ಹಲ್ಲು ಕಚ್ಚಿದ್ದು ಕಂಡಿತು. ಆಕೆ ಇಲ್ಲವೆಂದು ತಲೆಯಾಡಿಸಿ, “ನೊಂ,” ಅಂದರು. ಆಮೇಲೆ ನಗುತ್ತಾ ಮಳೆ ಹೊಯ್ದ ಹಾಗೆ ಏನೇನೋ ಹೇಳಿದರು. ಒಂದು ಅಕ್ಷರವೂ ತಿಳಿಯಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ತಲೆಯಾಡಿಸಿಬಿಡಲೇ ಅಂದುಕೊಂಡೆ. ಏನಕ್ಕೆ ಒಪ್ಪಿಕೊಂಡ ಹಾಗಾಗುತ್ತದೋ!

“ಜ ನ ಕೊಂಪ್ರಾಂ ಪಾ,” ಅಂದೆ. ಅರ್ಥವಾಗಲಿಲ್ಲ.

ಆಕೆ ಕೈಯನ್ನು ವಿಮಾನದ ಹಾಗೆ ಹಾರಿಸಿ, ಹೊಟ್ಟೆ ಮುಟ್ಟಿ ತೋರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ವಿಮಾನದಲ್ಲಿ ಏನೂ ತಿಂದಿರಲಿಲ್ಲವಂತೆ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಉಪ್ಪಿಟ್ಟು ಕೊಡಿಸಿದೆ.

ಸಂಜೆ ಮ್ಯಾನೇಜರ್ ಕರೆಸಿದರು. “ಮೇಡಂಗೆ ನಿನ್ನ ಮಾತು ಹಿಡಿಸ್ತು. ಮುಂದಿನ ಸಲ ಇನ್ನೂ ನಾಲ್ಕು ಜನ ಬರ್ತಾರೆ. ಪೂರ್ತಿ ಮೀಟಿಂಗ್ ಫ್ರೆಂಚಲ್ಲಿ ನೀನೇ ನಡ್ಸು.”

ಪರ್ಮನೆಂಟಿನ ಮಾತು ಇನ್ನೂ ಅವರ ಬಾಯಿಂದ ಬಂದಿರಲಿಲ್ಲ. ಹೂಂ ಅಂದುಬಿಡುವುದು ಸುಲಭವಿತ್ತು.

“ಅಷ್ಟು ನಂಗೆ ಬರಲ್ಲ ಸಾರ್. ಕಲಿಸೋರನ್ನ ಕೊಟ್ರೆ ಕಲೀತೀನಿ.”

ಅವರು ಡೈರಿಯಲ್ಲಿ ಏನೋ ಬರೆದುಕೊಂಡರು. “ಕೇಳಿ ನೋಡ್ತೀನಿ. ನಿನ್ನ ಕೆಲ್ಸ ಪರ್ಮನೆಂಟ್ ಮಾಡಿದ್ದೀನಿ, ಅಳ್ಬೇಡಮ್ಮ.”

ನಾನು ಅಳುತ್ತಿದ್ದೇನೆ ಅಂತ ನನಗೆ ಗೊತ್ತಾದದ್ದು ಆಗಲೇ.