ಎಡಕ್ಕೆ ವಾಲಿದ ನೇಯ್ಗೆ

ನನ್ನ ಹೆಸರಿನ ಚೀಟಿ ಅಂಟಿಸಿ ಗೋಡೆಗೆ ತೂಗುಹಾಕಿದ್ದ ಚಾಪೆ ಅಕ್ಕ ನೇಯ್ದದ್ದು ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿದ್ದ ದಿನ ಅಕ್ಕ ನನ್ನ ಎದುರಿಗೇ ನಿಂತಿದ್ದಳು. ನಾನು ಬಾಯಿ ತೆರೆದೆ, ಆದರೆ ಆಡಿದ ಮಾತು ಬೇರೆ.

ನಮ್ಮ ಮನೆ ಎರ್ಮಾಳಿನಲ್ಲಿ, ಕಡಲಿಗೂ ರಸ್ತೆಗೂ ನಡುವೆ. ತೋಡಿನ ಬದಿಯಲ್ಲಿ ಮುಂಡೇವು ಬೆಳೆಯುತ್ತಿತ್ತು. ಕೇದಗೆಯ ಜಾತಿಯದು, ಉದ್ದನೆಯ ಎಲೆ, ಅಂಚಿಗೆಲ್ಲ ಮುಳ್ಳು. ಅದನ್ನು ಕೊಯ್ದು, ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ, ಸೀಳಿ ಚಾಪೆ ನೇಯುವುದು ಅಮ್ಮನ ಕೆಲಸವಾಗಿತ್ತು. ಅಮ್ಮ ಹೋದ ಮೇಲೆ ಅಕ್ಕನದಾಯಿತು. ನಾನು ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋದೆ. ಅಕ್ಕ ಒಂದು ದಿನವೂ ಹೋಗಲಿಲ್ಲ. ನಾನು ಹೋಗಬೇಕಾದರೆ ಮನೆಯಲ್ಲಿ ಯಾರಾದರೂ ಇರಬೇಕಿತ್ತು.

ಅಕ್ಕ ಎಡಚಿ. ಎಲ್ಲರೂ ಚಾಪೆಯನ್ನು ಒಂದು ಮೂಲೆಯಿಂದ ಶುರು ಮಾಡಿದರೆ ಅವಳು ಅದರ ಎದುರು ಮೂಲೆಯಿಂದ ಶುರು ಮಾಡುತ್ತಿದ್ದಳು. ಹಾಗಾಗಿ ಅವಳ ನೇಯ್ಗೆಯ ಓರೆ ಎಡಕ್ಕೆ ವಾಲುತ್ತಿತ್ತು. ಮಲಗುವವರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಅವಳ ಚಾಪೆಯ ಬಿಗಿ ನಮ್ಮ ಕಡೆ ಯಾರ ಕೈಗೂ ಬರುತ್ತಿರಲಿಲ್ಲ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ ಕಾಪುವಿನಲ್ಲಿ ಹೆಂಗಸರಿಗೆ ಮುಂಡೇವಿನ ಕೆಲಸದ ತರಬೇತಿ ಶುರುವಾಯಿತು. ಚಾಪೆ ಮಾತ್ರವಲ್ಲ, ಚೀಲ, ಪೆಟ್ಟಿಗೆ, ಮೇಜಿನ ಹಾಸು ಎಲ್ಲ ಕಲಿಸುತ್ತಾರಂತೆ. ಅಳತೆ ಬರೆದುಕೊಳ್ಳಬೇಕಾದ್ದರಿಂದ ಅಕ್ಷರ ಬರುವವರೇ ಬೇಕು, ತಾವೇ ನೇಯ್ದ ಒಂದು ಚಾಪೆ ತರಬೇಕು ಎಂದಿದ್ದರು. ನನ್ನ ಚಾಪೆ ಹಿಡಿದೆತ್ತಿದರೆ ಆಚೆಯ ತೆಂಗಿನಮರ ಕಾಣುತ್ತಿತ್ತು. ಅಕ್ಕ ತನ್ನದನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು.

“ನಿನ್ನದು ಮೀನು ಸೋಸ್ಲಿಕ್ಕೆ ಆದೀತು. ಇದನ್ನು ಕೊಂಡೋಗು. ನೀನು ಮೊದಲು ಒಳಗೆ ಹೋಗು, ಮತ್ತೆ ನನ್ನನ್ನು ಕರಿ, ಆಯ್ತಾ?”

“ಕರಿಯದೆ ಇರ್ತೇನಾ!” ಎಂದೆ.

ಉಡುಪಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಷ್ಟ್ರು ಆ ಚಾಪೆಯನ್ನು ಬೆಳಕಿಗೆ ಹಿಡಿದು ನೋಡಿ, ಬಿಗಿ ಎಂದರೆ ಹೀಗಿರಬೇಕು, ಎಲ್ಲರಿಗೂ ಮಾದರಿಯಾಗಿರಲಿ ಎಂದು ಗೋಡೆಗೆ ಕಟ್ಟಿಸಿದರು. ಕೆಳಗೆ ನನ್ನ ಹೆಸರು. “ಎಲ್ಲರ ಕೈಯೂ ಒಂದೇ ಕೈಯ ಹಾಗೆ ನೇಯಬೇಕು. ಆಗ ಮಾತ್ರ ಇದು ಉದ್ಯಮ ಆಗ್ತದೆ” ಎಂಬುದು ಅವರ ದಿನನಿತ್ಯದ ಮಾತು. ನಾನು ಬಲಕ್ಕೆ ನೇಯುವುದನ್ನು ಕಂಡು ಒಮ್ಮೆ ಕೇಳಿದರು. ನೀವು ಹೇಳಿದ ಮೇಲೆ ಕೈ ಬದಲಾಯಿಸಿಕೊಂಡೆ ಎಂದೆ. ಒಳ್ಳೆಯದು ಎಂದರು. ನಾನು ನಿಧಾನವಾಗಿ ಕಲಿತೆ, ಬರೆಯುವುದರಲ್ಲಿ ಚುರುಕಾಗಿದ್ದೆ. ತರಬೇತಿ ಮುಗಿದು ಸಂಘ ಆದಾಗ, ಬಂದ ಕೆಲಸವನ್ನು ಪರೀಕ್ಷಿಸಿ ತೆಗೆದುಕೊಳ್ಳುವ ಮೇಜಿಗೆ ನನ್ನನ್ನೇ ಕೂರಿಸಿದರು.

ಈಗ ಅಕ್ಷರ ಬಾರದವರೂ ಮನೆಯಲ್ಲೇ ನೇಯ್ದು ತರಬಹುದಿತ್ತು. ಆದರೆ ಮೊದಲು ಮಾದರಿ ಪಾಸಾಗಬೇಕು. ಮಣಿಪಾಲದ ಅಂಗಡಿಗೆ ಹೋಗುವ ಚೀಲಕ್ಕೆ ಎರಡು ಬದಿಗಳು. ಒಂದು ಬದಿ ಒಬ್ಬಳದು, ಇನ್ನೊಂದು ಮತ್ತೊಬ್ಬಳದು, ಹೊಲಿಯುವವಳು ಮೂರನೆಯವಳು. ಓರೆ ಒಂದೇ ಕಡೆಗಿಲ್ಲದಿದ್ದರೆ ಚೀಲ ಸೊಟ್ಟ ಕಾಣುತ್ತದೆ.

ಅಕ್ಕ ಎರಡು ಬದಿಗಳನ್ನು ನೇಯ್ದು ತಂದಳು. ಒಗೆದ ಸೀರೆ ಉಟ್ಟಿದ್ದಳು. ನನ್ನ ತಲೆಯ ಮೇಲೆ ಗೋಡೆಯಲ್ಲಿ ಅವಳದೇ ಚಾಪೆ. ಮೇಷ್ಟ್ರು ಜಗಲಿಯಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು. ಅವರು ಒಳಗೆ ಬಂದು ಮೇಜಿನ ಮೇಲಿನದನ್ನೂ ಗೋಡೆಯ ಮೇಲಿನದನ್ನೂ ಒಟ್ಟಿಗೆ ನೋಡಿದರೆ ಸಾಕಿತ್ತು, ಎರಡೂ ಒಂದೇ ಕೈಯದೆಂದು ಗೊತ್ತಾಗುತ್ತಿತ್ತು.

“ಓರೆ ತಪ್ಪಿದೆ. ಇದು ಯಾರದ್ದಕ್ಕೂ ಜೋಡಿ ಆಗುವುದಿಲ್ಲ” ಎಂದೆ.

“ಎರಡೂ ನನ್ನದೇ ಅಲ್ವಾ? ಅದನ್ನೂ ಇದನ್ನೂ ಹೊಲಿದರೆ ಜೋಡಿ ಆಗ್ತದಲ್ಲ?”

“ಹಾಗೆಲ್ಲ ಕ್ರಮ ಇಲ್ಲ.”

ಹಿಂದೆ ನಿಂತಿದ್ದ ಹೆಂಗಸು ನಕ್ಕಳು. “ಸ್ವಂತ ಅಕ್ಕನಿಗೇ ಹೀಗಾದ್ರೆ ನಮ್ಮ ಗತಿ ಎಂತ ಮಾರಾಯ್ತಿ!”

ಅಕ್ಕ ಗೋಡೆಯನ್ನು ನೋಡಿದಳು. ಆಮೇಲೆ ನನ್ನನ್ನು. ಅವಳು ಒಂದು ಮಾತು ಆಡಿದ್ದರೆ ಅಲ್ಲಿಗೆ ನನ್ನ ಮೇಜು ಮುಗಿಯುತ್ತಿತ್ತು. “ಆಯ್ತು. ಕಲಿತವಳು ನೀನು” ಎಂದಷ್ಟೇ ಹೇಳಿ ಎರಡನ್ನೂ ಮಡಚಿಕೊಂಡು ಹೋದಳು. ಮನೆಯಲ್ಲಿ ಅದರ ಸುದ್ದಿ ಎತ್ತಲಿಲ್ಲ. ಮಳೆಗಾಲ ಮುಗಿದ ಮೇಲೆ ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋದಳು. ನಾನು ತಡೆಯಲಿಲ್ಲ. ಅವಳು ದೂರ ಹೋದದ್ದು ನನಗೆ ಒಂದು ರೀತಿಯ ನಿರಾಳವೇ ಆಗಿತ್ತು ಎಂಬುದನ್ನೂ ಬರೆಯಬೇಕು.

ಕೆಲವು ವರ್ಷಗಳ ನಂತರ ಕೆಮ್ಮಣ್ಣು ಎಂಬ ಊರಿನಿಂದ ಒಬ್ಬಳು ಎಡಚಿ ಹುಡುಗಿ ಬಂದಳು. ಅವಳ ಮಾದರಿ ಮೇಷ್ಟ್ರ ಕೈಗೇ ಸಿಕ್ಕಿತು. ಅವರು ಒಂದು ನಿಮಿಷವೂ ಯೋಚಿಸಲಿಲ್ಲ. “ಎರಡೂ ಬದಿ ಇವಳೇ ನೇಯಲಿ, ಅಷ್ಟೇ ಅಲ್ವಾ? ಇಂಥ ಕೈ ಬಿಡ್ಲಿಕ್ಕುಂಟಾ!” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, “ನೀನೂ ಮೊದಲು ಹೀಗೇ ನೇಯ್ತಿದ್ದೆ, ಹೌದಾ?” ಎಂದು ನನ್ನನ್ನು ಕೇಳಿದರು.

“ಹೌದು” ಎಂದೆ.

ಆ ಹುಡುಗಿಯ ಚೀಲಗಳು ಮಣಿಪಾಲಕ್ಕೆ ಹೋದವು. ಪ್ರತಿ ವಾರ ಅವುಗಳನ್ನು ಪಾಸು ಮಾಡಿ ಚೀಟಿ ಹಚ್ಚುತ್ತಿದ್ದವಳು ನಾನು.

ಕಟ್ಟಡ ಬದಲಾಯಿಸುವಾಗ ಗೋಡೆಯ ಚಾಪೆಯನ್ನು ಇಳಿಸಿದರು. ನಿನ್ನದಲ್ಲವೇ, ತೆಗೆದುಕೊಂಡು ಹೋಗು ಎಂದರು ಮೇಷ್ಟ್ರು. ಮುಂದಿನ ಭಾನುವಾರ ಅದನ್ನು ಸುತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿದೆ.

ಅಕ್ಕ ತನ್ನ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. “ಎಂತ, ಪಜೆ ಹೊತ್ತುಕೊಂಡು ಬಂದದ್ದು? ಇಲ್ಲಿ ಹಾಸ್ಲಿಕ್ಕೆ ಉಂಟು ಮಾರಾಯ್ತಿ” ಎಂದಳು. ತುಳುವಿನಲ್ಲಿ ಪಜೆ ಎಂದರೆ ಚಾಪೆ. ನಾನು ಬಿಡಿಸಿ ಹಾಸಿದೆ. ಅವಳು ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿದಳು. ಗೇರುಬೀಜದ ಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಕಪ್ಪಾಗಿ ಗಟ್ಟಿಯಾಗಿದ್ದವು. ಬೆರಳಿಗೆ ಏನೂ ತಿಳಿಯಲಿಲ್ಲವೆಂದು ಕಾಣುತ್ತದೆ, ಕೈ ಮಗುಚಿ ಮಣಿಕಟ್ಟಿನ ಹಿಂಬದಿಯಿಂದ ಮುಟ್ಟಿ ನೋಡಿದಳು.

“ಬಿಗಿ ಉಂಟಾ ಇನ್ನೂ?” ಎಂದು ನನ್ನನ್ನು ಕೇಳಿದಳು.

“ಉಂಟು. ಅಕ್ಕಾ, ನಿನ್ನ ಓರೆ ತಪ್ಪಿರಲಿಲ್ಲ. ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೇ ಹಿಂದೆ ಕೊಟ್ಟೆ. ನನ್ನದು ತಪ್ಪಾಯ್ತು, ಅಕ್ಕಾ.”